ದಂತದ ಮೊಣಕಾಲು ಜೋಡಿಸಿದ ಗ್ಲುಕ್

ದಿನವಿಡೀ ನಿಂತು ದುಡಿಯುವವರಿಗೆ ಮೊಣಕಾಲಿನ ಬೆಲೆಯನ್ನು ನಾವು ಹೇಳಬೇಕಾಗಿಲ್ಲ. ಅದಕ್ಕೆ ಕೃತಕ ಕೀಲನ್ನು ಜೋಡಿಸಲು ಮೊದಲು ಧೈರ್ಯಮಾಡಿದ ಶಸ್ತ್ರವೈದ್ಯ ಥೆಮಿಸ್ಟೋಕ್ಲಿಸ್ ಗ್ಲುಕ್ 1853ರಲ್ಲಿ ಮೊಲ್ದಾವಿಯದ ಯಾಶ್ ಪಟ್ಟಣದಲ್ಲಿ ಜನಿಸಿದರು. 1890ರಲ್ಲಿ ಬರ್ಲಿನ್ನಿನಲ್ಲಿ, ಕ್ಷಯದಿಂದ ಮೊಣಕಾಲು ಕೆಟ್ಟಿದ್ದ 17 ವರ್ಷದ ಹುಡುಗಿಗೆ ಅವರು ಆನೆಯ ದಂತದ ಕೀಲನ್ನು ಅಳವಡಿಸಿದರು. ಇಂತಹ ಕೀಲುಗಳು ಕೆಲಕಾಲ ಚೆನ್ನಾಗಿ ಆಡಿದರೂ ಸೋಂಕಿನಿಂದ ಕೆಟ್ಟವು. ಕ್ಷಯ ತಗುಲಿದ ಕೀಲಿಗೆ ಈ ಚಿಕಿತ್ಸೆ ಸಲ್ಲದೆಂದು ಗ್ಲುಕ್ಕರೇ ಒಪ್ಪಿಕೊಂಡರು, 1942ರಲ್ಲಿ ನಿಧನರಾದರು.

ಅವರ ಎಣಿಕೆ ಮಾತ್ರ ಉಳಿಯಿತು. ಇಂದು ಲೋಹದ ಕೀಲನ್ನು ಕೂರಿಸುವ ಮುನ್ನ ವೈದ್ಯರು, ಕೋನವನ್ನು ಹೊಂದಿಸಬಲ್ಲ ಅಚ್ಚನ್ನು ಎಲುಬಿಗೆ ಬಿಗಿದು, ಅದರ ಸೀಳಿನಲ್ಲಿ ಗರಗಸವಾಡಿಸಿ ಅಳತೆಗೆ ಸರಿಯಾಗಿ ಕೊಯ್ಯುತ್ತಾರೆ. ಬಡಗಿಯಂತಹ ಆ ಜಾಣ್ಮೆಯ ಹಿಂದೆ ಗ್ಲುಕ್ಕರ ಸೋಲೂ ಇದೆಯೆಂಬುದನ್ನು ನಾವು ಮರೆಯಬಾರದು.