ನೆನಪಿನ ನೆಲ

ಕುವೆಂಪು ಅವರು ೧೯೦೪ರಲ್ಲಿ ಜನಿಸಿ, ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಬೆಳೆದರು. ವಿದ್ಯಾಭ್ಯಾಸಕ್ಕಾಗಿ ಮೈಸೂರನ್ನು ಸೇರಿದ ಮೇಲೆ ಅವರ ಬಾಳಿನ ಬಹುಭಾಗ ಅಲ್ಲಿಯೇ ಕಳೆಯಿತು. ಆದರೂ ಮಲೆನಾಡು ಅವರ ಮನಸ್ಸಿನಿಂದ ಮರೆಯಾಗಲಿಲ್ಲ. ಭಾವದೊಡನೆ ಬೆಸೆದ ಅನುಭವ ಬಹುಕಾಲ ಉಳಿಯುತ್ತದೆ. ಮತ್ತೆ ಮತ್ತೆ ಸ್ಮರಿಸಿದಷ್ಟೂ ಬೇರೂರುತ್ತದೆ ಎನ್ನುತ್ತದೆ ಮನಶ್ಶಾಸ್ತ್ರ. ಬಾಲ್ಯದಲ್ಲಿ ಕಂಡ ಕಾಡು, ಮಳೆ, ಜನಜೀವನಗಳು ೧೯೩೬ರ ‘ಕಾನೂರು ಹೆಗ್ಗಡಿತಿ’ಯಲ್ಲಿಯೂ ೧೯೬೭ರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿಯೂ ಮರುಹುಟ್ಟು ಪಡೆದವು.

ಆದರೆ ನೆನಪು ಉಗ್ರಾಣವಲ್ಲ. ಕಾಲ ಸರಿದಂತೆ ಅದು ಮಸುಕಾಗುತ್ತದೆ. ಅರಿವಿಲ್ಲದೆಯೇ ರೂಪವನ್ನೂ ಬದಲಿಸುತ್ತದೆ. ೧೯೮೦ರಲ್ಲಿ ಪ್ರಕಟವಾದ ಆತ್ಮಕಥೆ ‘ನೆನಪಿನ ದೋಣಿಯಲ್ಲಿ’ಯನ್ನು ಬರೆಯುವಾಗ ಕುವೆಂಪು ನೆನಪೊಂದನ್ನೇ ನೆಚ್ಚಲಿಲ್ಲ, ತಾವು ಹಿಂದೆ ಬರೆದಿಟ್ಟಿದ್ದ ದಿನಚರಿಗಳ ನೆರವನ್ನೂ ಪಡೆದರು.

೧೯೯೪ರಲ್ಲಿ ಅವರು ಕಾಲವಾದಾಗ, ಜೀವನವಿಡೀ ನೆನಪಿನಲ್ಲಿ ಹೊತ್ತಿದ್ದ ಕುಪ್ಪಳಿಯ ಕವಿಶೈಲವೇ ಅವರನ್ನು ಮಡಿಲಿಗೆ ತೆಗೆದುಕೊಂಡಿತು.