ಅಲ್-ಝಹ್ರಾವಿ: ಬೆಂಕಿಯನ್ನು ಅಳೆದು ಬಳಸಿದ ವೈದ್ಯ

ಅಬುಲ್ ಕಾಸಿಮ್ ಅಲ್-ಝಹ್ರಾವಿ ಕ್ರಿ.ಶ. 936ರ ಸುಮಾರಿಗೆ ಸ್ಪೇನಿನ ಕಾರ್ಡೊಬಾ ಪಕ್ಕದ ಮದೀನತ್ ಅಲ್-ಝಹ್ರಾದಲ್ಲಿ ಜನಿಸಿದರು. ಆಗ ಅಲ್ಲಿ ಖಲೀಫರ ಆಳ್ವಿಕೆಯಿತ್ತು. ತಮ್ಮ ವೈದ್ಯಕೀಯ ಅನುಭವವನ್ನೆಲ್ಲ ಅವರು 1000ನೇ ಇಸವಿಯ ಹೊತ್ತಿಗೆ 'ಅತ್-ತಸ್ರೀಫ್' ಎಂಬ 30 ಭಾಗಗಳ ಅರಬ್ಬಿ ಗ್ರಂಥದಲ್ಲಿ ಬರೆದಿಟ್ಟರು. ಕೊನೆಯ ಭಾಗ ಶಸ್ತ್ರಚಿಕಿತ್ಸೆಯದು. ಅದು ಕಾದ ಸಲಾಕೆಯಿಂದ ಸುಡುವ ಚಿಕಿತ್ಸೆಯಿಂದ ಆರಂಭವಾಗುತ್ತದೆ. ಬೆನ್ನುನೋವಿಗೆ, ಸೊಂಟದಿಂದ ಕಾಲಿಗಿಳಿಯುವ ನೋವಿಗೆ, ಆರಂಭದ ಕ್ಯಾನ್ಸರ್ ಗಡ್ಡೆಗೆ ಎಲ್ಲಿ, ಹೇಗೆ ಸುಡಬೇಕೆಂದು ಉಪಕರಣಗಳ ಚಿತ್ರ ಸಹಿತ ವಿವರಿಸಿದರು.

ಚಿನ್ನದ ಸಲಾಕೆಯೇ ಶ್ರೇಷ್ಠವೆಂದು ಹಲವರು ನಂಬಿದ್ದರು. ಅಲ್-ಝಹ್ರಾವಿ ಕಬ್ಬಿಣವನ್ನು ಆರಿಸಿದರು. ಚಿನ್ನ ಎಷ್ಟು ಕಾದಿದೆಯೆಂದು ಬಣ್ಣದಿಂದ ತಿಳಿಯದು, ಬೇಗ ತಣಿಯುತ್ತದೆ, ಹೆಚ್ಚು ಕಾದರೆ ಕರಗುತ್ತದೆ ಎಂಬುದು ಅವರ ಕಾರಣ. ಅಂಗರಚನೆ ತಿಳಿಯದ ವೈದ್ಯನೊಬ್ಬ ಮಹಿಳೆಯ ಕುತ್ತಿಗೆಯ ಗಡ್ಡೆ ಕೊಯ್ಯಲು ಹೋಗಿ, ರಕ್ತನಾಳ ಕತ್ತರಿಸಿ, ಆಕೆಯ ಸಾವಿಗೆ ಕಾರಣನಾದುದನ್ನು ಎಚ್ಚರಿಕೆಯಾಗಿ ದಾಖಲಿಸಿದರು. ಬೆಳೆದ ಕ್ಯಾನ್ಸರನ್ನು ತಾವು ಗುಣಪಡಿಸಿಲ್ಲವೆಂದೂ ಮುಚ್ಚಿಡದೆ ಬರೆದರು. 1013ರ ಸುಮಾರಿಗೆ ಅವರು ನಿಧನರಾದರು. ಮುಂದಿನ ಶತಮಾನದಲ್ಲಿ ಲ್ಯಾಟಿನ್‌ಗೆ ಅನುವಾದವಾದ ಅವರ ಶಸ್ತ್ರಚಿಕಿತ್ಸಾ ಭಾಗವನ್ನು ಯುರೋಪಿನ ವೈದ್ಯರು ಶತಮಾನಗಳ ಕಾಲ ಓದಿದರು.

ಇಂದು ರೇಡಿಯೋ ತರಂಗದ ಸೂಜಿಯಿಂದ ಬೆನ್ನಿನ ನೋವು ಸಾಗಿಸುವ ಸಣ್ಣ ನರವನ್ನು ಸುಮಾರು 80 ಡಿಗ್ರಿ ಸೆಲ್ಸಿಯಸ್‌ಗೆ ಒಂದೆರಡು ನಿಮಿಷ ಕಾಯಿಸುತ್ತಾರೆ. ಯಕೃತ್ತಿನ ಚಿಕ್ಕ ಗಡ್ಡೆಗಳನ್ನೂ ಹೀಗೆಯೇ ಸುಡುತ್ತಾರೆ. ಸೂಜಿಯ ದಾರಿಯನ್ನು ಎಕ್ಸ್‌ರೇ ಅಥವಾ ಸ್ಕ್ಯಾನ್ ತೋರಿಸುತ್ತದೆ.

ಕಾಮಾಲೆಯೆಂದರೆ ಮಗುವಿಗೆ ಬರೆ ಹಾಕಿಸುವ ರೂಢಿ ನಮ್ಮ ನಾಡಿನಲ್ಲಿದೆ. ಅದರಿಂದ ಗಾಯವಾಗುತ್ತದೆ, ಕಾಮಾಲೆ ಹಾಗೇ ಉಳಿಯುತ್ತದೆ. ವಿಜ್ಞಾನ ಓದುವ ನಾವು ಮನೆಯಲ್ಲಿ ಇದನ್ನು ಹೇಳಬೇಕು. ಎಲ್ಲಿ, ಎಷ್ಟು, ಏಕೆ ಎಂದು ತಿಳಿಯದೆ ಸುಡಬಾರದೆಂಬುದು ಅಲ್-ಝಹ್ರಾವಿಯವರ ಬದುಕು ಕಲಿಸುವ ಪಾಠ.