ಕಲ್ಲಿನ ಗೋರಿಗಳನ್ನು ಓದಿದ ಮೆಡೋಸ್ ಟೇಲರ್

ಮಕ್ಕಳೇ, ನಾಟಿಗೆ ಮೊದಲು ಗದ್ದೆಯ ಕೆಸರಿಗೆ ಹೊಂಗೆ ಸೊಪ್ಪು ತುಳಿಯುವುದನ್ನು ನೋಡಿದ್ದೀರಾ? ಆ ಸೊಪ್ಪು ಎಷ್ಟು ದಿನ ಉಳಿಯುತ್ತದೆ? ಕೃಷ್ಣರಾಜನಗರದ ಕಡೆಯ ಯಾವ ರೈತರನ್ನು ಕೇಳಿದರೂ, ಕೆಲವೇ ವಾರಗಳಲ್ಲಿ ಕೊಳೆತು ಗೊಬ್ಬರವಾಗುತ್ತದೆ ಎನ್ನುತ್ತಾರೆ.

ಆದರೆ ಎಲ್ಲ ಕೆಸರೂ ಒಂದೇ ರೀತಿಯಲ್ಲ. ಯೂರೋಪಿನ ಡೆನ್ಮಾರ್ಕ್ ದೇಶದಲ್ಲಿ 1950ರಲ್ಲಿ ಕೆಲವರು ಉರುವಲಿಗಾಗಿ ಜೌಗು ನೆಲವನ್ನು ಅಗೆಯುತ್ತಿದ್ದರು. ಅವರಿಗೆ ಒಬ್ಬ ಮನುಷ್ಯನ ದೇಹ ಸಿಕ್ಕಿತು. ಮುಖದ ಸುಕ್ಕುಗಳು, ಗಲ್ಲದ ಮೇಲಿನ ಸಣ್ಣ ಕೂದಲು ಎಲ್ಲವೂ ಹಾಗೆಯೇ ಇದ್ದವು. ಈಚೆಗೆ ಕೊಲೆಯಾದವನಿರಬೇಕೆಂದು ಅವರು ಪೊಲೀಸರಿಗೆ ತಿಳಿಸಿದರು. ಆದರೆ ಅವನು ಸತ್ತು ಸುಮಾರು 2,400 ವರ್ಷಗಳಾಗಿದ್ದವು! ಹತ್ತಿರದ ಹಳ್ಳಿಯ ಹೆಸರಿನಿಂದ ಅವನನ್ನು ಟೋಲುಂಡ್ ಮನುಷ್ಯ ಎನ್ನುತ್ತಾರೆ.

ಇದು ಹೇಗೆ ಸಾಧ್ಯ? ಆ ಜೌಗು ನೆಲ ಅರೆಬರೆ ಕೊಳೆತ ಹಾವಸೆ ಗಿಡಗಳಿಂದ ಆದದ್ದು. ಅದಕ್ಕೆ ಪೀಟ್ ಎಂದು ಹೆಸರು. ಅಲ್ಲಿಯ ನೀರು ತಣ್ಣಗಿದೆ, ಹುಳಿಯಾಗಿದೆ. ಅದರಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಕೊಳೆಸುವ ಸೂಕ್ಷ್ಮಜೀವಿಗಳು ಬೆಳೆಯಲಾರವು. ಹಾವಸೆಯಿಂದ ಬರುವ ರಾಸಾಯನಿಕಗಳು ಚರ್ಮವನ್ನು ಹದ ಮಾಡಿದ ತೊಗಲಿನಂತೆ ಮಾಡುತ್ತವೆ. ಆದರೆ ಆ ಹುಳಿ ನೀರು ಮೂಳೆಯೊಳಗಿನ ಸುಣ್ಣದ ಅಂಶವನ್ನು ಕರಗಿಸುತ್ತದೆ.

ನಮ್ಮ ನಾಡಿನಲ್ಲಿ ಇದಕ್ಕೆ ಬಹುತೇಕ ತದ್ವಿರುದ್ಧ. ಬೆಚ್ಚಗಿನ ಮಣ್ಣಿನಲ್ಲಿ ಚರ್ಮ, ಮಾಂಸ ಬೇಗ ಕೊಳೆಯುತ್ತವೆ. ಮಣ್ಣು ತೀರಾ ಹುಳಿಯಾಗಿಲ್ಲದಿದ್ದರೆ ಮೂಳೆಗಳು ಬಹುಕಾಲ ಉಳಿಯುತ್ತವೆ. ಹೀಗೆ ಉಳಿದ ಮೂಳೆಗಳನ್ನು ಸುಮಾರು 170 ವರ್ಷಗಳ ಹಿಂದೆಯೇ ಕರ್ನಾಟಕದಲ್ಲಿ ಶ್ರದ್ಧೆಯಿಂದ ಪರಿಶೀಲಿಸಿದವರು ಫಿಲಿಪ್ ಮೆಡೋಸ್ ಟೇಲರ್.

ಟೇಲರ್ ಹುಟ್ಟಿದ್ದು ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ, 1808ರಲ್ಲಿ. ನಿಮಗಿಂತ ಎರಡು ಮೂರು ವರ್ಷ ದೊಡ್ಡವರಾಗಿದ್ದಾಗಲೇ, ಅಂದರೆ 15ನೇ ವಯಸ್ಸಿನಲ್ಲಿ, ಹಡಗು ಹತ್ತಿ ಮುಂಬಯಿಗೆ ಬಂದರು. ಒಬ್ಬ ವ್ಯಾಪಾರಿಯ ಬಳಿ ಕೆಲಸ ಸಿಗಬೇಕಿತ್ತು. ಆದರೆ ಆ ವ್ಯಾಪಾರ ದಿವಾಳಿಯ ಅಂಚಿನಲ್ಲಿತ್ತು. ಗುರುತಿನವರಿಲ್ಲದ ಊರಿನಲ್ಲಿ ಹುಡುಗ ಎದೆಗುಂದಲಿಲ್ಲ. 1824ರಲ್ಲೇ ಹೈದರಾಬಾದಿನ ನಿಜಾಮರ ಸೈನ್ಯ ಸೇರಿದರು. ಕಾಲೇಜಿಗೆ ಹೋಗದಿದ್ದರೂ ಇಲ್ಲಿಯ ಭಾಷೆಗಳನ್ನು, ಭೂಮಾಪನವನ್ನು, ಕಾನೂನನ್ನು ತಾವೇ ಓದಿ ಕಲಿತರು.

1841ರಲ್ಲಿ ಅವರನ್ನು ಸುರಪುರಕ್ಕೆ ಕಳುಹಿಸಲಾಯಿತು. ಅದು ಮೈಸೂರಿನಿಂದ ಬಹುದೂರ, ಇಂದಿನ ಯಾದಗಿರಿ ಜಿಲ್ಲೆಯಲ್ಲಿದೆ. ಅಲ್ಲಿಯ ರಾಜ ವೆಂಕಟಪ್ಪ ನಾಯಕ ಆಗ ಚಿಕ್ಕ ಬಾಲಕ. ಬಾಲಕ ದೊಡ್ಡವನಾಗುವವರೆಗೆ, 1853ರವರೆಗೆ, ಆಡಳಿತ ನೋಡಿಕೊಂಡವರು ಟೇಲರ್. ಕೆರೆ, ರಸ್ತೆಗಳ ಕೆಲಸ ಮಾಡಿಸಿದರು. ಅವರು ಕಟ್ಟಿಸಿದ ಮನೆ ಟೇಲರ್ ಮಂಜಿಲ್ ಎಂದು ಹೆಸರಾಯಿತು.

ಊರೂರು ಸುತ್ತುವಾಗ ಅವರ ಕಣ್ಣಿಗೆ ವಿಚಿತ್ರ ಕಲ್ಲುಗಳು ಬಿದ್ದವು. ರಾಜನಕೋಳೂರಿನಲ್ಲಿ ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಮುಚ್ಚಿದ ಪುಟ್ಟ ಕೋಣೆಗಳು. ಜೇವರ್ಗಿಯಲ್ಲಿ ದುಂಡಗೆ ಗುಂಡು ಜೋಡಿಸಿದ ಕಲ್ಲಿನ ಗುಪ್ಪೆಗಳು. ಜನ ಅವನ್ನು ಹಿಂದೆ ಬಾಳಿದ ಗಿಡ್ಡ ಜನರಾದ ಮೋರಿಯರ ಮನೆಗಳೆಂದು ನಂಬಿದ್ದರು. ಪಿರಿಯಾಪಟ್ಟಣದ ಮಕ್ಕಳೇ, ನಿಮ್ಮ ನೆರೆಯ ಕೊಡಗಿನಲ್ಲೂ ಇಂಥ ಕಲ್ಲಿನ ಕೋಣೆಗಳಿವೆ. ಅಲ್ಲಿ ಅವುಗಳಿಗೆ ಪಾಂಡವರ ಹೆಸರು ಅಂಟಿಕೊಂಡಿದೆ.

ಮನೆಯೋ, ಮತ್ತೇನೋ? ತಿಳಿಯಲು ಟೇಲರ್ ಅಗೆಸಿ ನೋಡಿದರು. ಮಡಕೆಗಳು, ಕಬ್ಬಿಣದ ಆಯುಧಗಳು, ಮನುಷ್ಯರ ಮೂಳೆಗಳು ಸಿಕ್ಕವು. ಅವು ಮನೆಗಳಲ್ಲ, ಗೋರಿಗಳು!

ಆ ಕಾಲದಲ್ಲಿ ಹಲವರು ಇಂಥ ಕಡೆ ಗುಂಡಿ ತೋಡಿ, ಚೆಂದದ ವಸ್ತು ಎತ್ತಿಕೊಂಡು ಹೊರಟುಬಿಡುತ್ತಿದ್ದರು. ಟೇಲರ್ ಹಾಗೆ ಮಾಡಲಿಲ್ಲ. ಅಗೆದ ಜಾಗದ ಪಕ್ಕದ ಗೋಡೆಯಲ್ಲಿ ಯಾವ ಪದರ ಮೇಲಿದೆ, ಯಾವುದು ಕೆಳಗಿದೆ, ಮೂಳೆ ಎಲ್ಲಿದೆ, ಮಡಕೆ ಎಲ್ಲಿದೆ ಎಂದು ಅಳೆದು ಚಿತ್ರ ಬರೆದರು. ಈ ಪದರಗಳ ಚಿತ್ರವೇ ಅವರ ದೊಡ್ಡ ಕೊಡುಗೆ. ಏಕೆಂದರೆ ಒಮ್ಮೆ ಅಗೆದ ನೆಲವನ್ನು ಮತ್ತೆ ಮೊದಲಿನಂತೆ ಮಾಡಲಾಗದು.

ಕೆಲವು ಗೋರಿಗಳಲ್ಲಿ ತಲೆಬುರುಡೆಗಳು ದೇಹದಿಂದ ಬೇರೆಯಾಗಿ ಸಿಕ್ಕವು. ಇವರನ್ನು ಬಲಿ ಕೊಟ್ಟಿರಬೇಕು ಎಂದು ಟೇಲರ್ ಊಹಿಸಿದರು. ಯೂರೋಪಿನಲ್ಲೂ ಇಂಥ ಗೋರಿಗಳಿರುವುದರಿಂದ, ಇವನ್ನು ಕಟ್ಟಿದವರು ಹೊರಗಿನಿಂದ ಬಂದವರೆಂದೂ ಬರೆದರು.

ಅವರ ಊಹೆ ಸರಿಯೇ? ಟೋಲುಂಡ್ ಮನುಷ್ಯನ ಕುತ್ತಿಗೆಯಲ್ಲಿ ತೊಗಲಿನ ಹಗ್ಗ ಹಾಗೆಯೇ ಇತ್ತು. ಆದ್ದರಿಂದ ಅವನನ್ನು ನೇಣು ಹಾಕಿದ್ದು ಗೊತ್ತಾಯಿತು. ಹೊಟ್ಟೆಯಲ್ಲಿ ಕೊನೆಯ ಊಟದ ಬಾರ್ಲಿ ಗಂಜಿಯ ಗುರುತೂ ಉಳಿದಿತ್ತು. ಟೇಲರ್ ಅವರ ಮುಂದಿದ್ದದ್ದು ಬರೀ ಮೂಳೆ. 1947ರಲ್ಲಿ ಮಾರ್ಟಿಮರ್ ವೀಲರ್ ಎಂಬ ಪುರಾತತ್ವಜ್ಞರು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಇಂಥ ಗೋರಿಗಳನ್ನು ಅಗೆದರು. ಅಲ್ಲಿಯ ಗೋರಿಗಳಲ್ಲಿ ಹಲವರ ಬಿಡಿ ಮೂಳೆಗಳಿದ್ದವು. ಸತ್ತವರ ದೇಹವನ್ನು ಮೊದಲು ಬಯಲಿನಲ್ಲಿಟ್ಟು, ಆಮೇಲೆ ಮೂಳೆ ಆಯ್ದು ಗೋರಿಯಲ್ಲಿ ಇಡುವ ಪದ್ಧತಿ ಇದ್ದಿರಬಹುದೆಂದು ಅವರು ವಿವರಿಸಿದರು. ಹಾಗಿದ್ದರೆ ತಲೆಬುರುಡೆ ಬೇರೆಯಾಗಿದ್ದ ಮಾತ್ರಕ್ಕೆ ಬಲಿ ಎನ್ನಲಾಗದು, ಅಲ್ಲವೇ? ಈ ಗೋರಿಗಳು ಸುಮಾರು 2,000ದಿಂದ 3,000 ವರ್ಷಗಳ ಹಿಂದೆ ಇಲ್ಲಿಯೇ ಬಾಳಿದ, ಕಬ್ಬಿಣ ಬಲ್ಲ ಜನರವು ಎಂದು ಈಗ ತಿಳಿದಿದೆ.

ಊಹೆ ಬಿದ್ದುಹೋದರೂ ಟೇಲರ್ ಅವರ ಚಿತ್ರಗಳು ಉಳಿದವು. ಸ್ವತಃ ವೀಲರ್ ಅವನ್ನು ಮೆಚ್ಚಿಕೊಂಡರು. ಕಂಡದ್ದನ್ನು ಕಂಡಂತೆ ಬರೆದಿಟ್ಟರೆ, ನಮ್ಮ ತಪ್ಪನ್ನು ಮುಂದಿನವರು ತಿದ್ದಬಹುದು. ವಿಜ್ಞಾನ ಬೆಳೆಯುವುದೇ ಹೀಗೆ.

ಟೇಲರ್ ಅವರ ಕೊನೆಯ ದಿನಗಳು ಸುಖದವಲ್ಲ. ಅವರು ಸಾಕಿ ಬೆಳೆಸಿದ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು, ಸೆರೆಯಾಗಿ ಪ್ರಾಣ ಕಳೆದುಕೊಂಡರು. ಆರೋಗ್ಯ ಕೆಟ್ಟ ಟೇಲರ್ 1860ರಲ್ಲಿ ಭಾರತ ಬಿಟ್ಟರು. 1876ರಲ್ಲಿ ಫ್ರಾನ್ಸಿನಲ್ಲಿ ತೀರಿಕೊಂಡರು.

ಹೆಗ್ಗಡದೇವನಕೋಟೆಯ ಕಾಡಂಚಿನಲ್ಲೋ ಹುಣಸೂರಿನ ಹೊಲದ ಬದುವಿನಲ್ಲೋ ದುಂಡಗೆ ಜೋಡಿಸಿದ ಹಳೆಯ ಕಲ್ಲುಗಳು ನಿಮಗೆ ಕಂಡರೆ ಏನು ಮಾಡುತ್ತೀರಿ? ಅಗೆಯಬೇಡಿ, ಕಲ್ಲು ಕದಲಿಸಬೇಡಿ. ಹೆಜ್ಜೆಯಿಂದ ಅಳೆಯಿರಿ, ಚಿತ್ರ ಬರೆಯಿರಿ, ಮೇಷ್ಟ್ರಿಗೆ ತೋರಿಸಿ. ಅವರು ಮೈಸೂರಿನ ಪುರಾತತ್ವ ಇಲಾಖೆಗೆ ತಿಳಿಸಲಿ.

ಮಾಡಿ ನೋಡಿ: ತೊಳೆದ ಕೋಳಿ ಮೂಳೆಯೊಂದನ್ನು ವಿನೆಗರ್‌ನಲ್ಲಿ ನಾಲ್ಕೈದು ದಿನ ಮುಳುಗಿಸಿಡಿ. ಆಮೇಲೆ ಹೊರತೆಗೆದು ಬಗ್ಗಿಸಿ. ಪೀಟ್ ನೀರು ಮೂಳೆಗೆ ಏನು ಮಾಡುತ್ತದೆಂದು ನಿಮಗೇ ತಿಳಿಯುತ್ತದೆ.